ಕುಂಬಳಕಾಯಿ ಕಳ್ಳ ಮತ್ತು ಹತ್ತು ನಿಮಿಷದ ಫೋನ್ ಕರೆ

ಹಾವೇರಿ ಜಿಲ್ಲೆಯ ರಟ್ಟೀಹಳ್ಳಿಯ ಹುಡುಗನೊಬ್ಬ ಈಗ ಅಗ್ನಿವೀರನಾಗಬೇಕೆಂದರೆ ಮೊದಲು ಕಂಪ್ಯೂಟರ್ ಮುಂದೆ ಕೂತು ಪರೀಕ್ಷೆ ಬರೆಯಬೇಕು. 2025ರಿಂದ ಅದನ್ನು ಕನ್ನಡದಲ್ಲೇ ಬರೆಯಲಿಕ್ಕೂ ಅವಕಾಶವಿದೆ. ಅದು ಪಾಸಾದರೆ ರ್‍ಯಾಲಿ. 2022ರ ಸೆಪ್ಟೆಂಬರಿನಲ್ಲಿ ಅಂಥದೊಂದು ಹಾವೇರಿಯ ಜಿಲ್ಲಾ ಕ್ರೀಡಾಂಗಣದಲ್ಲೇ ನಡೆದಿತ್ತು. 1.6 ಕಿಲೋಮೀಟರ್ ಓಟ, ಬೀಮ್ ಹಿಡಿದು ಮೈ ಮೇಲೆತ್ತುವುದು, 9 ಅಡಿ ಹಳ್ಳ ಜಿಗಿಯುವುದು, ಎತ್ತರ, ಎದೆ ಅಳತೆ, ವೈದ್ಯಕೀಯ ತಪಾಸಣೆ. ಇತ್ತೀಚೆಗೆ ಇದಕ್ಕೆ ಹೊಂದಾಣಿಕೆ ಪರೀಕ್ಷೆಯೊಂದು ಸೇರಿದೆ. ಬೇರೆ ಹವೆ, ಬೇರೆ ನೆಲ, ಬಿಗಿಯಾದ ದಿನಚರಿಗೆ ಹುಡುಗ ಒಗ್ಗುತ್ತಾನೋ ಇಲ್ಲವೋ ನೋಡಲಿಕ್ಕೆ. ಅದಕ್ಕಾಗಿ ಚಾರ್ಜ್ ಮಾಡಿದ ಸ್ಮಾರ್ಟ್‌ಫೋನ್ ತರಬೇಕೆಂಬ ಸೂಚನೆಯೂ ಇರುತ್ತದೆ. ಇವೆಲ್ಲದರ ಜೊತೆಗೆ ಕಾಗದಗಳು: ಶಾಲೆಯಿಂದ ಒಂದು ನಡತೆ ಪ್ರಮಾಣಪತ್ರ, ಊರಿನಿಂದ ಒಂದು, ಕೊನೆಗೆ ಪೊಲೀಸ್ ಪರಿಶೀಲನೆ.

ಕಾಲಿನ ಕಸುವು ಓಟದಲ್ಲಿ ತಿಳಿಯುತ್ತದೆ, ಕಣ್ಣಿನ ದೋಷ ಡಾಕ್ಟರಿಗೆ ತಿಳಿಯುತ್ತದೆ. ಆದರೆ ಈ ಹುಡುಗ ನಂಬಿಗಸ್ಥನೇ, ನಾಳೆ ಕೈಗೆ ಬಂದೂಕು ಕೊಟ್ಟ ಮೇಲೆ ಯಾರ ಕಡೆಗೆ ತಿರುಗಿಸುತ್ತಾನೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದು ಆ ಕೊನೆಯ ಕಾಗದಗಳು ಮಾತ್ರ. ಕಾಗದ ಹೇಗೆ ಸಿಗುತ್ತದೆ ಎಂಬುದು ಊರಿನಲ್ಲಿ ಎಲ್ಲರಿಗೂ ಗೊತ್ತು. ಹಾಗಾಗಿ, ‘ಇದಕ್ಕೆಲ್ಲ ತಿಂಗಳುಗಟ್ಟಲೆ ಯಾಕೆ? ಹತ್ತು ನಿಮಿಷ ಫೋನಿನಲ್ಲಿ ಮಾತಾಡಿಸಿ, ದನಿ ಕೇಳಿ ನಾವು ಹೇಳುತ್ತೇವೆ’ ಎನ್ನುವ ಕಂಪನಿಗಳು ಹುಟ್ಟಿಕೊಂಡಾಗ ಸೈನ್ಯಗಳು ಕಿವಿ ನಿಮಿರಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಭಾರತೀಯ ಸೇನೆಯ ಭರ್ತಿ ಪ್ರಕಟಣೆಗಳಲ್ಲಿ ಇಂಥ ದನಿ ಪರೀಕ್ಷೆ ಇಲ್ಲ. ಅಮೆರಿಕದ ಸೇನೆ ಅಫ್ಘಾನಿಸ್ತಾನದಲ್ಲಿ ಇದನ್ನು ಪ್ರಯೋಗಿಸಿ ನೋಡಿದೆ. ಆ ಯಂತ್ರ ಕೆಲಸ ಮಾಡುವುದು ಹೇಗೆ, ಮಾಡುತ್ತದೆಯೋ ಇಲ್ಲವೋ, ನೋಡೋಣ.

ಸೈನ್ಯದವರು ‘ಇನ್‌ಸೈಡರ್ ಥ್ರೆಟ್’ ಅನ್ನುವುದು ನಮ್ಮ ಹಿತಶತ್ರುವಿಗೆ. ಅಫ್ಘಾನಿಸ್ತಾನದಲ್ಲಿ ಈ ಭಯ ಕಲ್ಪನೆಯದಾಗಿರಲಿಲ್ಲ. ಹಗಲು ಜೊತೆಯಲ್ಲಿ ಕವಾಯತು ಮಾಡಿದ ಅಫ್ಘನ್ ಸಿಪಾಯಿಯೇ ತನಗೆ ತರಬೇತಿ ಕೊಟ್ಟ ವಿದೇಶಿ ಸೈನಿಕನ ಮೇಲೆ ಗುಂಡು ಹಾರಿಸುವ ಘಟನೆಗಳು 2012ರಲ್ಲಿ ತುತ್ತತುದಿ ಮುಟ್ಟಿದವು. ಆ ಒಂದೇ ವರ್ಷ ಸತ್ತ ವಿದೇಶಿ ಸೈನಿಕರು 60ರ ಆಸುಪಾಸು. ಅಲ್ಲಿಯೂ ಭರ್ತಿಗೆ ಮುನ್ನ ಎಂಟು ಹಂತದ ಪರಿಶೀಲನೆ ಇತ್ತು. ಊರ ಹಿರಿಯರಿಂದ ಶಿಫಾರಸು ಪತ್ರ ತರಬೇಕಿತ್ತು, ಬೆರಳಚ್ಚು, ಕಣ್ಣಿನ ಪಾಪೆಯ ಗುರುತು ಕೊಡಬೇಕಿತ್ತು. ಅಂದರೆ ನಮ್ಮ ನಡತೆ ಪ್ರಮಾಣಪತ್ರದ ಅಣ್ಣತಮ್ಮನೇ. ಪತ್ರ ಇದ್ದೂ ಗುಂಡು ಹಾರುತ್ತಿದ್ದವು.

ಅಮೆರಿಕ ಮೊದಲು ಕಳಿಸಿದ್ದು ಅಂಗೈಯಲ್ಲಿ ಹಿಡಿಯುವ ಸುಳ್ಳು ಪತ್ತೆ ಯಂತ್ರ. 2008ರಲ್ಲಿ ಬಂದ ಅದರ ಹೆಸರು ಪಿ-ಕಾಸ್. ಬೆರಳಿಗೆ ಸಂವೇದಕ ಸಿಕ್ಕಿಸಿ, ಇಪ್ಪತ್ತರಷ್ಟು ಪ್ರಶ್ನೆ ಕೇಳಿ, ತೆರೆಯ ಮೇಲೆ ಹಸಿರು, ಹಳದಿ, ಕೆಂಪು ಯಾವುದು ಬರುತ್ತದೆ ನೋಡುವುದು. ಒಂದಕ್ಕೆ 7,500 ಡಾಲರ್ ಕೊಟ್ಟು 94 ಯಂತ್ರ ಕೊಂಡರು. ಇದನ್ನು ಅಮೆರಿಕದ ಸೈನಿಕರ ಮೇಲೆ ಬಳಸುವಂತಿಲ್ಲ ಎಂದು ನಿಯಮವನ್ನೂ ಮಾಡಿದರು. ಯಂತ್ರದ ಮೇಲೆ ಎಷ್ಟು ಭರವಸೆ ಇತ್ತೆಂಬುದು ಆ ನಿಯಮದಿಂದಲೇ ಗೊತ್ತಾಗುತ್ತದೆ.

ಬೆರಳಿನಿಂದ ಗಂಟಲಿಗೆ ಬಂದದ್ದು ಅದಾದ ಮೇಲೆ. ಅಮೆರಿಕದ ಮರೀನ್ ಪಡೆಯಲ್ಲಿದ್ದ ಅಲೆಕ್ಸ್ ಮಾರ್ಟಿನ್ ಎಂಬವರು ಎಸಿ ಗ್ಲೋಬಲ್ ರಿಸ್ಕ್ ಎಂಬ ಕಂಪನಿ ಕಟ್ಟಿದರು. ಈಗ ಅದರ ಹೆಸರು ಕ್ಲಿಯರ್‌ಸ್ಪೀಡ್. ಅಫ್ಘಾನಿಸ್ತಾನದಲ್ಲಿದ್ದ ಅಮೆರಿಕದ ವಿಶೇಷ ಪಡೆಗಳ ಕಮಾಂಡ್, ಉಗಾಂಡಾದ ವನ್ಯಜೀವಿ ಪ್ರಾಧಿಕಾರ ಇವರ ಗ್ರಾಹಕರಾಗಿದ್ದವೆಂದು 2018ರಲ್ಲಿ ‘ದಿ ಇಂಟರ್‌ಸೆಪ್ಟ್’ ಜಾಲಪತ್ರಿಕೆ ಬರೆಯಿತು. ಕ್ರಮ ಸರಳ. ಅಭ್ಯರ್ಥಿಗೆ ಫೋನ್ ಬರುತ್ತದೆ. ಮೊದಲೇ ಬರೆದಿಟ್ಟ ಪ್ರಶ್ನೆಗಳನ್ನು ಅವನ ಭಾಷೆಯಲ್ಲೇ ಕೇಳುತ್ತಾರೆ. ಅವನು ಹೌದು ಅಥವಾ ಇಲ್ಲ ಅಂದರೆ ಮುಗಿಯಿತು. ಯಾವ ಭಾಷೆಯಾದರೂ ನಡೆಯುತ್ತದೆ, ಯಾಕೆಂದರೆ ಯಂತ್ರಕ್ಕೆ ಮಾತಿನ ಅರ್ಥ ಬೇಕಿಲ್ಲ, ದನಿಯ ಆಕಾರ ಸಾಕು. ಹತ್ತು ನಿಮಿಷದ ಧ್ವನಿಮುದ್ರಣ ಕಂಪನಿಗೆ ಹೋಗಿ, ಅಪಾಯ ಕಡಿಮೆಯೋ ಹೆಚ್ಚೋ ಎಂಬ ಶ್ರೇಣಿಯಾಗಿ ವಾಪಸ್ಸು ಬರುತ್ತದೆ. ಶೇಕಡಾ 97ಕ್ಕೂ ಹೆಚ್ಚು ನಿಖರ ಎಂಬುದು ಕಂಪನಿಯ ಮಾತು. ಲೆಕ್ಕ ಹಾಕುವ ಸೂತ್ರ ಮಾತ್ರ ಗುಟ್ಟು.

ಸೂತ್ರ ಗುಟ್ಟಾದರೂ ದನಿಯಲ್ಲಿ ಅಳೆಯಬಹುದಾದದ್ದು ಏನೇನು ಎಂಬುದರಲ್ಲಿ ಗುಟ್ಟಿಲ್ಲ. ಶ್ವಾಸಕೋಶದಿಂದ ಗಾಳಿ ಬರುತ್ತದೆ, ಗಂಟಲಿನ ಧ್ವನಿತಂತುಗಳು ಕಂಪಿಸುತ್ತವೆ. ಗಂಡಸರಲ್ಲಿ ಸೆಕೆಂಡಿಗೆ ಸುಮಾರು 120 ಸಲ, ಹೆಂಗಸರಲ್ಲಿ 200ರ ಹತ್ತಿರ. ಇದು ದನಿಯ ಮೂಲಸ್ವರ. ಬಾಯಿ, ನಾಲಿಗೆ, ಮೂಗು ಆ ಕಂಪನಕ್ಕೆ ರೂಪ ಕೊಡುತ್ತವೆ. ಹೆದರಿದಾಗ, ಸಿಟ್ಟಾದಾಗ, ಉಸಿರು ಕಟ್ಟಿದಾಗ ಸ್ನಾಯು ಬಿಗಿಯುತ್ತವೆ, ಮೂಲಸ್ವರ ಏರುತ್ತದೆ. ಒಂದು ಕಂಪನಕ್ಕೂ ಮುಂದಿನದಕ್ಕೂ ನಡುವಿನ ಅಂತರ ತುಸು ಏರುಪೇರಾಗುತ್ತದೆ, ಗಟ್ಟಿತನವೂ ಹಾಗೆಯೇ. ಉತ್ತರಕ್ಕೆ ಮುಂಚಿನ ಮೌನ ಉದ್ದವಾಗಬಹುದು. ಇವನ್ನೆಲ್ಲ ಒಂದು ಸಾಧಾರಣ ಲ್ಯಾಪ್‌ಟಾಪ್ ಚೆನ್ನಾಗಿಯೇ ಅಳೆಯುತ್ತದೆ. ಅಳತೆ ಸುಳ್ಳಲ್ಲ. ಆ ಅಳತೆಗೆ ಹಚ್ಚುವ ಹೆಸರಿನ ಬಗ್ಗೆಯೇ ಎಲ್ಲ ತಕರಾರು.

ದನಿಯಿಂದ ಸುಳ್ಳು ಹಿಡಿಯುವ ಕನಸಿಗೆ ಐವತ್ತು ವರ್ಷ ದಾಟಿದೆ. ನಮ್ಮ ಕೈಕಾಲಿನ ಸ್ನಾಯುಗಳಲ್ಲಿ ಸೆಕೆಂಡಿಗೆ 8ರಿಂದ 12 ಸಲ ಸಣ್ಣ ನಡುಕ ಇರುತ್ತದೆ ಎಂದು ಬ್ರಿಟನ್ನಿನ ಶರೀರಶಾಸ್ತ್ರಜ್ಞ ಒಲೋಫ್ ಲಿಪ್ಪೋಲ್ಡ್ ವಿವರಿಸಿದ್ದರು. ಅದೇ ನಡುಕ ಗಂಟಲಿನಲ್ಲೂ ಇರಬೇಕು, ಒತ್ತಡ ಬಂದಾಗ ಅದು ಅಡಗಬೇಕು ಎಂದುಕೊಂಡು ಅಮೆರಿಕದ ಸೈನ್ಯದಿಂದ ನಿವೃತ್ತರಾದವರು 1970ರ ದಶಕದ ಆರಂಭದಲ್ಲಿ ಡೆಕ್ಟರ್ ಎಂಬ ಕಂಪನಿಯ ಹೆಸರಿನಲ್ಲಿ ಯಂತ್ರ ಮಾಡಿ ಮಾರಿದರು. 1981ರಲ್ಲಿ ಶಿಪ್ ಮತ್ತು ಇಜ್ಡೆಬ್‌ಸ್ಕಿ ಎಂಬಿಬ್ಬರು ಗಂಟಲಿನ ಸ್ನಾಯುಗಳನ್ನೇ ಪರೀಕ್ಷಿಸಿ ನೋಡಿದಾಗ ಆ ನಡುಕ ಅಲ್ಲಿ ಸಿಗಲಿಲ್ಲ. ಯಂತ್ರದ ಮಾರಾಟ ನಿಲ್ಲಲೂ ಇಲ್ಲ.

ಇನ್ನೊಂದು ಪ್ರಸಿದ್ಧ ಯಂತ್ರ ಇಸ್ರೇಲಿನ ನೆಮೆಸಿಸ್ಕೊ ಕಂಪನಿಯದು, ಪದರ ಪದರವಾಗಿ ದನಿ ಬಿಡಿಸುತ್ತೇವೆ ಎನ್ನುವಂಥದು. ಇದರ ಪೇಟೆಂಟ್ ಬಹಿರಂಗವಾಗಿರುವುದರಿಂದ ಒಳಹೊಕ್ಕು ನೋಡಲು ಸಾಧ್ಯವಾಯಿತು. ನೋಡಿದವರು ಸ್ವೀಡನ್ನಿನ ಇಬ್ಬರು ಧ್ವನಿವಿಜ್ಞಾನಿಗಳು, ಆಂಡರ್ಸ್ ಎರಿಕ್ಸನ್ ಮತ್ತು ಫ್ರಾನ್ಸಿಸ್ಕೊ ಲಾಸೆರ್ಡಾ. ಅವರು ಕಂಡದ್ದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಯಂತ್ರ ದನಿಯನ್ನು ಸೆಕೆಂಡಿಗೆ 11,025 ಸಲ ಅಳೆದು ಅಂಕಿ ಮಾಡಿಕೊಳ್ಳುತ್ತದೆ. ಪ್ರತಿ ಅಳತೆಗೂ 256 ಮೆಟ್ಟಿಲು ಮಾತ್ರ. ಈಗ ಸಾಲಾಗಿ ಬಂದ ಮೂರು ಅಂಕಿ ತೆಗೆದುಕೊಳ್ಳಿ: 112, 118, 115. ನಡುವಿನದು ಎರಡೂ ಬದಿಯವಕ್ಕಿಂತ ಎತ್ತರ. ಇದನ್ನು ಅದು ಒಂದು ‘ಮುಳ್ಳು’ ಎಂದು ಎಣಿಸುತ್ತದೆ. ನಡುವಿನದು ಎರಡಕ್ಕಿಂತ ಕೆಳಗಿದ್ದರೆ ಅದೂ ಮುಳ್ಳೇ. 115, 115, 115 ಎಂದು ಅಂಕಿ ಏರದೆ ಇಳಿಯದೆ ಸಾಗಿದರೆ ಅದು ‘ಬಯಲು’. ಮಾತಿನ ತುಣುಕಿನಲ್ಲಿ ಮುಳ್ಳು ಎಷ್ಟು, ಬಯಲು ಎಷ್ಟು, ಬಯಲುಗಳ ಉದ್ದ ಎಷ್ಟು ಹೆಚ್ಚುಕಮ್ಮಿ ಎಂದು ಎಣಿಸಿ, ಮೊದಲು ತೆಗೆದಿಟ್ಟ ಮಾದರಿಗೆ ಹೋಲಿಸಿ, ಉದ್ವೇಗ, ಗೊಂದಲ, ಸುಳ್ಳು ಎಂದು ಪಟ್ಟಿ ಹಚ್ಚುತ್ತದೆ. ಇಷ್ಟೇ. ಸುಮಾರು 500 ಸಾಲಿನ ಪ್ರೋಗ್ರಾಂ. ಮುಳ್ಳು, ಬಯಲುಗಳಲ್ಲಿ ಬಹಳಷ್ಟು ದನಿಯನ್ನು ಒರಟಾಗಿ ಅಂಕಿ ಮಾಡಿದ್ದರಿಂದಲೇ ಹುಟ್ಟಿದವು, ಮಾತಾಡಿದವನ ಮನಸ್ಸಿಗೂ ಅವಕ್ಕೂ ನಂಟಿಲ್ಲ ಎಂದು ಇಬ್ಬರೂ ಬರೆದರು. ಮೈಕ್ರೊಫೋನನ್ನು ಬಾಯಿಗೆ ನಾಲ್ಕು ಬೆರಳು ಹತ್ತಿರ ಹಿಡಿದರೂ ಎಣಿಕೆ ಬದಲಾದೀತು. 2007ರಲ್ಲಿ ಅವರ ಲೇಖನ ವಿದ್ವತ್ ಪತ್ರಿಕೆಯೊಂದರಲ್ಲಿ ಬಂತು. ಕಂಪನಿ ವಕೀಲರ ಮೂಲಕ ಬೆದರಿಸಿದ ಮೇಲೆ ಪ್ರಕಾಶಕರು ಅದನ್ನು ಜಾಲತಾಣದಿಂದ ತೆಗೆದರು. ಹಾಗೆ ತೆಗೆದಿದ್ದರಿಂದಲೇ ಅದನ್ನು ಓದಿದವರು ಹೆಚ್ಚಾದರು ಎಂಬುದು ಬೇರೆ ಮಾತು.

ಇಲ್ಲಿ ಫೋನಿನ ಕತೆಯನ್ನೂ ಹೇಳಬೇಕು, ಯಾಕೆಂದರೆ ಪರೀಕ್ಷೆ ನಡೆಯುವುದು ಫೋನಿನಲ್ಲಿ. ಹಳೆಯ ದೂರವಾಣಿ ವ್ಯವಸ್ಥೆ ಸಾಗಿಸುತ್ತಿದ್ದದ್ದು 300ರಿಂದ 3,400 ಹರ್ಟ್ಸ್ ನಡುವಿನ ದನಿ ಮಾತ್ರ. ಗಂಡಸಿನ ಮೂಲಸ್ವರ ಅದಕ್ಕಿಂತ ಕೆಳಗೇ ಉಳಿಯುತ್ತದೆ; ಮೇಲಿನ ಸ್ವರಗಳಿಂದ ನಮ್ಮ ಕಿವಿಯೇ ಅದನ್ನು ಕಟ್ಟಿಕೊಳ್ಳುತ್ತದೆ. ಮೊಬೈಲಿನಲ್ಲಂತೂ ದನಿಯ ಅಲೆ ಇದ್ದಂತೆ ಪ್ರಯಾಣ ಮಾಡುವುದೇ ಇಲ್ಲ. ಈ ಕಡೆಯ ಫೋನು ದನಿಯ ಲಕ್ಷಣಗಳನ್ನು ಅಂಕಿಯಾಗಿ ಕಳಿಸುತ್ತದೆ, ಆ ಕಡೆಯ ಫೋನು ಆ ಅಂಕಿಗಳಿಂದ ದನಿಯನ್ನು ಹೊಸದಾಗಿ ಹುಟ್ಟಿಸುತ್ತದೆ. ಬಹುಕಾಲ ಚಾಲ್ತಿಯಲ್ಲಿರುವ ಒಂದು ಪದ್ಧತಿಯಲ್ಲಿ ಸಿಗ್ನಲ್ ಚೆನ್ನಾಗಿದ್ದರೆ ಸೆಕೆಂಡಿಗೆ 12.2 ಕಿಲೋಬಿಟ್, ಸಿಗ್ನಲ್ ಕುಸಿದರೆ 4.75 ಕಿಲೋಬಿಟ್. ಕುಮುದ್ವತಿ ಹೊಳೆ ದಂಡೆಯ ಹೊಲದ ಬದುವಿನ ಮೇಲೆ ನಿಂತು, ಒಂದೇ ಗೆರೆ ಸಿಗ್ನಲ್ಲಿನಲ್ಲಿ ‘ಇಲ್ರೀ ಸರ್’ ಎಂದ ಹುಡುಗನ ದನಿಯಲ್ಲಿ ಸಿಕ್ಕ ನಡುಕ ಅವನ ಎದೆಯದೋ ಟವರಿನದೋ? ಗಾಳಿ, ಪಂಪ್‌ಸೆಟ್ಟು, ಪಕ್ಕದಲ್ಲಿ ಹಾದುಹೋದ ಟ್ರ್ಯಾಕ್ಟರು ಬೇರೆ. ಸರಿಯಾದ ಪ್ರಯೋಗಾಲಯದಲ್ಲಿ ಇವನ್ನೆಲ್ಲ ಬೇರ್ಪಡಿಸುವ ವಿಧಾನಗಳಿವೆ ನಿಜ. ಒಂದಕ್ಷರ ಎರಡಕ್ಷರದ ಉತ್ತರದಲ್ಲಿ ಬೇರ್ಪಡಿಸಲಿಕ್ಕೆ ಉಳಿಯುವ ಮಾಲೇ ಕಡಿಮೆ.

ಹೋಗಲಿ, ಸಿದ್ಧಾಂತ ಏನಾದರೂ ಇರಲಿ, ಫಲಿತಾಂಶ ಬಂದರಾಯಿತಲ್ಲ ಎನ್ನಬಹುದು. ಅದನ್ನೂ ಪರೀಕ್ಷಿಸಿದ್ದಾರೆ. ಫ್ಲೋರಿಡಾ ವಿಶ್ವವಿದ್ಯಾಲಯದ ಹ್ಯಾರಿ ಹೋಲಿಯನ್ ಮತ್ತು ಜೇಮ್ಸ್ ಹಾರ್ನ್ಸ್‌ಬರ್ಗರ್ ಅಮೆರಿಕದ ರಕ್ಷಣಾ ಇಲಾಖೆಗಾಗಿಯೇ ಎರಡು ಯಂತ್ರಗಳನ್ನು ಒರೆಗೆ ಹಚ್ಚಿದರು. ಸುಳ್ಳು ಹೇಳುವವರಿಗೆ ನಿಜವಾದ ಭಯ ಇರಲಿ ಎಂದು ಸಣ್ಣ ವಿದ್ಯುತ್ ಆಘಾತವನ್ನೂ ಇಟ್ಟಿದ್ದರು. ಯಂತ್ರಗಳ ಉತ್ತರ ನಾಣ್ಯ ಚಿಮ್ಮಿದಷ್ಟೇ ಸರಿ ಬಂತು.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಓಕ್ಲಹೋಮಾದ ಜೈಲೊಂದರ ಪ್ರಯೋಗ, 2008ರಲ್ಲಿ ಅದರ ವಿವರ ಪ್ರಕಟವಾಯಿತು. ಹೊಸದಾಗಿ ಬಂಧನಕ್ಕೊಳಗಾದ 300ಕ್ಕೂ ಹೆಚ್ಚು ಜನರನ್ನು ‘ಇತ್ತೀಚೆಗೆ ಮಾದಕ ವಸ್ತು ಸೇವಿಸಿದ್ದೀಯಾ?’ ಎಂದು ಕೇಳಿ, ದನಿಯನ್ನು ಯಂತ್ರಕ್ಕೆ ಕೊಟ್ಟು, ಆಮೇಲೆ ಮೂತ್ರ ಪರೀಕ್ಷೆ ಮಾಡಿದರು. ಮೂತ್ರ ಸುಳ್ಳು ಹೇಳುವುದಿಲ್ಲವಲ್ಲ. ಸುಳ್ಳು ಹೇಳಿದವರಲ್ಲಿ ಯಂತ್ರಗಳು ಹಿಡಿದದ್ದು ಸರಾಸರಿ ಶೇಕಡಾ 15. ಒಟ್ಟಾರೆ ಸರಿಯುತ್ತರ ಅರ್ಧದಷ್ಟು. ಆದರೆ ಇನ್ನೊಂದು ಸಂಗತಿ ಬಯಲಾಯಿತು. ಯಂತ್ರವಿಲ್ಲದೆ ಅದೇ ಊರಿನಲ್ಲಿ ಹಿಂದೆ ಅದೇ ಪ್ರಶ್ನೆ ಕೇಳಿದಾಗ ಸುಳ್ಳು ಹೇಳಿದವರು ಶೇಕಡಾ 40. ಯಂತ್ರ ಮುಂದಿದ್ದಾಗ ಶೇಕಡಾ 14. ಯಂತ್ರಕ್ಕೆ ಏನೂ ಗೊತ್ತಾಗುತ್ತಿರಲಿಲ್ಲ. ಗೊತ್ತಾಗುತ್ತದೆ ಎಂದು ಎದುರಿಗಿದ್ದವರು ನಂಬಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಕತೆ ನಮಗೆ ಹೊಸದೇನಲ್ಲ. ಆ ಕತೆಯಲ್ಲಿ ಯಾರ ಹೆಗಲ ಮೇಲೂ ಬೂದಿ ಕಾಣಿಸಬೇಕಿಲ್ಲ, ಕಾಣಿಸುತ್ತದೆ ಎಂದು ಕೂಗಿ ಹೇಳುವವನೊಬ್ಬ ಇದ್ದರೆ ಸಾಕು. ಅಲ್ಲಿನ ಪೊಲೀಸರು ಈ ಯಂತ್ರಗಳನ್ನು ಬಿಡದೆ ಇಟ್ಟುಕೊಂಡಿರುವುದು ಇದಕ್ಕೇ ಎಂದು ನನ್ನ ಎಣಿಕೆ. ಆದರೆ ಪಳಗಿದ ಗೂಢಚಾರ ಹೆಗಲು ಮುಟ್ಟಿಕೊಳ್ಳುವುದಿಲ್ಲ. ಮೊದಲ ಸಲ ದೊಡ್ಡ ಅಧಿಕಾರಿಯೊಂದಿಗೆ ಮಾತಾಡುವ ಹಳ್ಳಿಯ ಹುಡುಗ ಕದಿಯದೆಯೂ ಮುಟ್ಟಿಕೊಂಡಾನು. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಒಳಗೇ ಕೂತು ರಷ್ಯಕ್ಕೆ ಗುಟ್ಟು ಮಾರಿದ ಆಲ್ಡ್ರಿಚ್ ಏಮ್ಸ್ 1986ರಲ್ಲೂ 1991ರಲ್ಲೂ ಸುಳ್ಳು ಪತ್ತೆ ಯಂತ್ರದ ಪರೀಕ್ಷೆ ದಾಟಿದ್ದ.

ಈಗ ಆ ಶೇಕಡಾ 97ರ ಮಾತಿಗೆ ಬರೋಣ. ಅದು ಅಕ್ಷರಶಃ ನಿಜ ಎಂದೇ ಇಟ್ಟುಕೊಳ್ಳಿ. 10,000 ಹುಡುಗರು ಭರ್ತಿಗೆ ಬಂದಿದ್ದಾರೆ, ಅವರಲ್ಲಿ 10 ಮಂದಿ ಕೆಡುಕಿನವರು. ಯಂತ್ರ ಆ ಹತ್ತರಲ್ಲಿ ಒಂಬತ್ತೋ ಹತ್ತೋ ಮಂದಿಯನ್ನು ಹಿಡಿಯುತ್ತದೆ, ಭೇಷ್. ಉಳಿದ 9,990 ಒಳ್ಳೆಯವರಲ್ಲಿ ಶೇಕಡಾ 3ರಷ್ಟು ಜನರ ವಿಷಯದಲ್ಲಿ ತಪ್ಪುತ್ತದೆ. ಅಂದರೆ ಹತ್ತಿರಹತ್ತಿರ 300 ಹುಡುಗರು. ಕೆಂಪು ಪಟ್ಟಿಯಲ್ಲಿ ಬಂದ 310 ಹೆಸರುಗಳಲ್ಲಿ 300 ತಪ್ಪು. ಯಂತ್ರ ಬೆರಳು ಮಾಡಿದ ಪ್ರತಿ 31 ಮಂದಿಯಲ್ಲಿ 30 ಮಂದಿ ನಿರಪರಾಧಿಗಳು. ನಿಖರತೆ 97 ಎಂದು ಕೇಳಿದಾಗ ನಮ್ಮ ತಲೆಗೆ ಈ ಚಿತ್ರ ಬರುವುದೇ ಇಲ್ಲ. ಅಪರೂಪದ ರೋಗಕ್ಕೆ ಊರೆಲ್ಲರ ರಕ್ತ ಪರೀಕ್ಷೆ ಮಾಡಿದಾಗಲೂ ಇದೇ ತೊಂದರೆ. ಆದರೆ ಅಲ್ಲಿ ಎರಡನೆಯ ಪರೀಕ್ಷೆ ಇರುತ್ತದೆ, ಪಟ್ಟಿಯಿಂದ ಹೆಸರು ಇಳಿಯುತ್ತದೆ. ದೇಶದ್ರೋಹದ ಅನುಮಾನ ಒಮ್ಮೆ ಹತ್ತಿದರೆ ಇಳಿಸುವವರು ಯಾರು?

ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2003ರಲ್ಲಿ ಸುಳ್ಳು ಪತ್ತೆ ಯಂತ್ರಗಳ ಬಗ್ಗೆ ಇದೇ ಜಾಡಿನ ಲೆಕ್ಕ ಕೊಟ್ಟಿತ್ತು, ಅದು ಇನ್ನೂ ಕಠೋರ. 10,000 ನೌಕರರು, 10 ಗೂಢಚಾರರು. ಎಂಟು ಮಂದಿ ಸಿಕ್ಕಿಬೀಳುವಷ್ಟು ಯಂತ್ರವನ್ನು ಬಿಗಿ ಮಾಡಿದರೆ 1,598 ಅಮಾಯಕರೂ ಜೊತೆಗೆ ಬೀಳುತ್ತಾರೆ. ಅಮಾಯಕರ ಸಂಖ್ಯೆ 39ಕ್ಕೆ ಇಳಿಯಲಿ ಎಂದು ಸಡಿಲ ಮಾಡಿದರೆ ಎಂಟು ಗೂಢಚಾರರು ನಗುತ್ತ ಹೊರಗೆ ಹೋಗುತ್ತಾರೆ.

ಇಷ್ಟಕ್ಕೂ ಭರ್ತಿಯ ದಿನ ಹುಡುಕುತ್ತಿರುವ ವಸ್ತು ಆ ದಿನ ಅಲ್ಲಿ ಇರುತ್ತದೆಯೇ? ನನ್ನ ಮಟ್ಟಿಗೆ ಯಂತ್ರದ ನಿಖರತೆಗಿಂತ ಇದು ದೊಡ್ಡ ಪ್ರಶ್ನೆ. 2012ರ ಆಗಸ್ಟಿನಲ್ಲಿ ಅಫ್ಘಾನಿಸ್ತಾನದ ನ್ಯಾಟೊ ಪಡೆಗಳ ಮುಖ್ಯಸ್ಥ ಜನರಲ್ ಜಾನ್ ಅಲೆನ್ ಹೇಳಿದ ಪ್ರಕಾರ ಒಳದಾಳಿಗಳಲ್ಲಿ ತಾಲಿಬಾನಿನ ಕೈವಾಡವಿದ್ದದ್ದು ಸುಮಾರು ಕಾಲು ಭಾಗ. ಮಿಕ್ಕವುಗಳ ಹಿಂದೆ ಇದ್ದದ್ದು ಜಗಳ, ಅವಮಾನ, ಮನಸ್ತಾಪ. ಆ ಸಿಪಾಯಿಗಳಲ್ಲಿ ಹೆಚ್ಚಿನವರು ಸೇರುವ ದಿನ ಪ್ರಾಮಾಣಿಕರೇ ಆಗಿದ್ದಿರಬೇಕು. ‘ನಮಗೆ ದ್ರೋಹ ಮಾಡುವ ಯೋಚನೆ ಇದೆಯೇ?’ ಎಂದು ಕೇಳಿದ್ದರೆ ‘ಇಲ್ಲ’ ಎನ್ನುವುದು ಸತ್ಯವೇ ಆಗಿರುತ್ತಿತ್ತು.

ನಮ್ಮ ಹತ್ತಿರದ ಉದಾಹರಣೆ ಕಾರವಾರದ್ದು. 2025ರ ಫೆಬ್ರವರಿಯಲ್ಲಿ ರಾಷ್ಟ್ರೀಯ ತನಿಖಾ ಸಂಸ್ಥೆ ಉತ್ತರ ಕನ್ನಡದ ಇಬ್ಬರನ್ನು ಮತ್ತು ಕೇರಳದ ಒಬ್ಬನನ್ನು ಬಂಧಿಸಿತು. ಕಾರವಾರ ಮತ್ತು ಕೊಚ್ಚಿಯ ನೌಕಾನೆಲೆಗಳ ಮಾಹಿತಿಯನ್ನು ಪಾಕಿಸ್ತಾನದ ಗೂಢಚಾರರಿಗೆ ದುಡ್ಡಿಗಾಗಿ ಕೊಟ್ಟರು, ಸಂಪರ್ಕವಾದದ್ದು ಸಾಮಾಜಿಕ ಜಾಲತಾಣದಲ್ಲಿ ಎಂಬುದು ಆರೋಪ. ತೀರ್ಪು ನ್ಯಾಯಾಲಯದ್ದು. ಇಂಥ ಪ್ರಕರಣಗಳ ಜಾಡು ಮಾತ್ರ ಹೆಚ್ಚುಕಮ್ಮಿ ಒಂದೇ ಥರ: ಎಲ್ಲೋ ಕೂತ ಒಬ್ಬರು ಫೇಸ್‌ಬುಕ್ಕಿನಲ್ಲಿ ಗೆಳೆತನ ಬೆಳೆಸುತ್ತಾರೆ, ತಿಂಗಳುಗಟ್ಟಲೆ ಸಲಿಗೆಯ ಮಾತು, ಮೊದಲ ಸಲ ನಿರುಪದ್ರವಿ ಫೋಟೊ, ಆಮೇಲೆ ಖಾತೆಗೆ ಸಣ್ಣ ಮೊತ್ತ. ಹಿತಶತ್ರು ಕೆಲಸಕ್ಕೆ ಸೇರಿದ ಮೇಲೆ ತಯಾರಾಗುತ್ತಾನೆ. ಸೇನೆಗೂ ಇದು ಗೊತ್ತು. 2020ರ ಜುಲೈನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ಫೋನಿನಿಂದ ಅಳಿಸಬೇಕೆಂದು ಯೋಧರಿಗೆ ಅಪ್ಪಣೆಯಾಯಿತು. ಅಧಿಕಾರಿಯೊಬ್ಬರು ಇದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದರು, ಕೋರ್ಟು ಒಪ್ಪಲಿಲ್ಲ. ಆ ಅಪ್ಪಣೆ ಕಠಿಣ ಎನಿಸಬಹುದು, ಆದರೆ ಗುರಿ ಸರಿಯಾದ ಕಡೆಗಿತ್ತು.

ಈ ವಿಷಯದಲ್ಲಿ ಹಳೆಯ ತಲೆಯೊಂದನ್ನು ಕೇಳಬಹುದು. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಕಟ್ಟು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದು, ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು. ಅದರಲ್ಲಿ ದನಿಯ ಪ್ರಸ್ತಾಪ ಇದೆ. ರಾಜನ ಊಟಕ್ಕೆ ವಿಷ ಬೆರೆಸಿದವನ ಲಕ್ಷಣ ಹೇಳುವಾಗ ಒಣಗಿದ ಮುಖ, ಬೆವರು, ಆಕಳಿಕೆ, ನಡುಕಗಳ ಜೊತೆಗೆ ತೊದಲುವ ಮಾತನ್ನೂ ಸೇರಿಸಿದ್ದಾನೆ. ಆದರೆ ಅದು ತಪ್ಪು ಮಾಡಿ ಅಲ್ಲೇ ನಿಂತವನನ್ನು ಆ ಕ್ಷಣ ಹಿಡಿಯುವ ಉಪಾಯ. ಮಂತ್ರಿಯೊಬ್ಬ ಮುಂದೆ ನಂಬಿಗಸ್ಥನಾಗಿರುತ್ತಾನೋ ಎಂದು ತಿಳಿಯಲು ಕೌಟಿಲ್ಯ ದನಿಯನ್ನು ನೆಚ್ಚಲಿಲ್ಲ. ಧರ್ಮ, ಹಣ, ಕಾಮ, ಭಯ ಎಂಬ ನಾಲ್ಕು ಒಡ್ಡುಗಳನ್ನಿಟ್ಟು, ಗುಟ್ಟಾಗಿ ಆಮಿಷ ತೋರಿಸಿ, ಅವನು ಏನು ಮಾಡುತ್ತಾನೆ ಎಂದು ನೋಡುವ ವ್ಯವಸ್ಥೆ ಹೇಳಿದ. ಹಣಕ್ಕೆ ಬೀಳದವನಿಗೆ ಖಜಾನೆಯ ಕೆಲಸ, ಭಯಕ್ಕೆ ಬಗ್ಗದವನಿಗೆ ರಾಜನ ಹತ್ತಿರದ ಕೆಲಸ ಎಂದು ವಿಂಗಡಿಸಿದ. ಕೆಡದಿದ್ದವನನ್ನು ಪರೀಕ್ಷೆಯೇ ಕೆಡಿಸೀತು ಎಂಬ ಎಚ್ಚರಿಕೆಯನ್ನೂ ಕೊನೆಗೆ ಸೇರಿಸಿದ. ಆ ಪದ್ಧತಿ ಇಂದಿನ ಕಾನೂನಿಗೆ ಒಗ್ಗುವುದಿಲ್ಲ, ಒಗ್ಗಬೇಕಿಲ್ಲ ಕೂಡ. ಗಂಟಲಿಗಿಂತ ನಡತೆಯನ್ನು ನೋಡು ಎಂಬ ಅವನ ಅಂದಾಜು ಮಾತ್ರ ಇಂದಿನ ಪ್ರಯೋಗಗಳಿಗಿಂತ ಹಿಂದೆ ಬಿದ್ದಿಲ್ಲ.

ಕಾನೂನಿನ ಮಾತಿಗೆ ಬಂದರೆ, ಈ ದೇಶದಲ್ಲಿ ಇಂಥ ಯಂತ್ರಗಳಿಗೆ ಲಗಾಮು ಹಾಕಿದ ತೀರ್ಪಿಗೆ ಕರ್ನಾಟಕದ ಹೆಸರೇ ಇದೆ. 2000ದ ದಶಕದಲ್ಲಿ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ (ಎಫ್‌ಎಸ್‌ಎಲ್) ಮಂಪರು ಪರೀಕ್ಷೆಗೆ ಹೆಸರುವಾಸಿಯಾಗಿತ್ತು. ಛಾಪಾ ಕಾಗದ ಹಗರಣದ ಅಬ್ದುಲ್ ಕರೀಂ ತೆಲಗಿಯ ಪರೀಕ್ಷೆಯನ್ನು ಜನ ಟಿವಿಯಲ್ಲಿ ನೋಡಿದ್ದರು. 2010ರ ಮೇ 5ರಂದು ಸುಪ್ರೀಂ ಕೋರ್ಟು ‘ಸೆಲ್ವಿ ಮತ್ತು ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಮಂಪರು ಪರೀಕ್ಷೆ, ಸುಳ್ಳು ಪತ್ತೆ, ಮಿದುಳಿನ ಪರೀಕ್ಷೆ ಮೂರನ್ನೂ ವ್ಯಕ್ತಿಯ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ ಎಂದಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡಬಾರದೆಂಬ 20(3)ನೇ ವಿಧಿ, ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿ ಅದಕ್ಕೆ ಆಧಾರ.

2019ರಲ್ಲಿ ಅದೇ ಕೋರ್ಟು ತನಿಖೆಗಾಗಿ ಧ್ವನಿ ಮಾದರಿ ಕೊಡುವಂತೆ ಮ್ಯಾಜಿಸ್ಟ್ರೇಟ್ ಆದೇಶಿಸಬಹುದು ಎಂದದ್ದನ್ನು ಹಲವರು ಇದರೊಂದಿಗೆ ಕಲಸುತ್ತಾರೆ. ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 349ನೇ ಕಲಮಿನಲ್ಲೂ ಅದು ಬಂದಿದೆ. ಅಲ್ಲಿ ಕೇಳುವುದು ‘ಈ ಆಡಿಯೊದಲ್ಲಿರುವ ದನಿ ಇವನದೇ?’ ಎಂದು, ಬೆರಳಚ್ಚು ಹೋಲಿಸಿದ ಹಾಗೆ. ‘ಇವನು ಹೇಳುತ್ತಿರುವುದು ಸುಳ್ಳೇ?’ ಎಂಬುದು ಬೇರೆಯದೇ ಪ್ರಶ್ನೆ. ರಾಜಕಾರಣಿಗಳ ಆಡಿಯೊ ಸೋರಿಕೆಯ ಸುದ್ದಿಯಲ್ಲಿ ‘ಎಫ್‌ಎಸ್‌ಎಲ್‌ಗೆ ಧ್ವನಿ ಮಾದರಿ’ ಎಂದು ಓದುತ್ತೇವಲ್ಲ, ಅದು ಮೊದಲನೆಯ ಬಗೆಯದು, ಅದರ ವಿಜ್ಞಾನ ಸುಳ್ಳು ಪತ್ತೆಯದಕ್ಕಿಂತ ಗಟ್ಟಿ.

ಭರ್ತಿಗೆ ಹೋಗುವವನು ಆರೋಪಿಯಲ್ಲ, ಆದ್ದರಿಂದ ಸೆಲ್ವಿ ತೀರ್ಪು ಅವನಿಗೆ ನೇರ ರಕ್ಷಣೆ ಆಗಲಾರದು. ಒಪ್ಪಿಗೆ ಕೊಡದಿದ್ದರೆ ನೌಕರಿ ಇಲ್ಲ ಎಂದ ಮೇಲೆ ಒಪ್ಪಿಗೆಗೆ ಬೆಲೆಯೂ ಅಷ್ಟಕ್ಕಷ್ಟೆ. ಅಮೆರಿಕ 1988ರಲ್ಲೇ ಖಾಸಗಿ ಮಾಲೀಕರು ನೌಕರಿಗೆ ಬರುವವರ ಮೇಲೆ ಸುಳ್ಳು ಪತ್ತೆ ಯಂತ್ರ ಬಳಸುವುದನ್ನು ಬಹುಮಟ್ಟಿಗೆ ನಿಷೇಧಿಸಿತು. ದನಿಯ ಒತ್ತಡ ಅಳೆಯುವ ಯಂತ್ರವನ್ನೂ ಆ ಕಾನೂನಿನಲ್ಲಿ ಹೆಸರಿಸಿತು. ಬ್ರಿಟನ್ನಿನಲ್ಲಿ ಸರ್ಕಾರಿ ಭತ್ಯೆ ಕೇಳಿ ಫೋನ್ ಮಾಡುವವರ ದನಿ ಪರೀಕ್ಷಿಸುವ ಪ್ರಯೋಗ ಕೆಲವು ವರ್ಷ ನಡೆದು 2010ರಲ್ಲಿ ನಿಂತಿತು. ನಮ್ಮಲ್ಲಿ ಖಾಸಗಿ ನೌಕರಿಗಳಿಗೆ ಅಂಥ ಪ್ರತ್ಯೇಕ ನಿಷೇಧ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಒಪ್ಪಿಗೆ ಕೇಳಬೇಕು, ಯಾಕೆ ಬೇಕೆಂದು ತಿಳಿಸಬೇಕು ಎನ್ನುತ್ತದೆ, ಆದರೆ ದೇಶದ ಭದ್ರತೆಯ ಹೆಸರಿನಲ್ಲಿ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡಲು ಅದರಲ್ಲೇ ದಾರಿ ಇದೆ.

ಹಾಗಾಗಿ ಹಿರೇಕೆರೂರು, ರಟ್ಟೀಹಳ್ಳಿ ಕಡೆಯ ಹುಡುಗ ಹುಡುಗಿಯರಿಗೆ ಈ ಯಂತ್ರ ಎದುರಾಗುವುದಾದರೆ ಸೈನ್ಯಕ್ಕಿಂತ ಮೊದಲು ಬೆಂಗಳೂರಿನ ಯಾವುದೋ ಕಾಲ್ ಸೆಂಟರಿನ, ಗೋದಾಮಿನ, ಸೆಕ್ಯುರಿಟಿ ಏಜೆನ್ಸಿಯ ಫೋನ್ ಸಂದರ್ಶನದಲ್ಲಿ. ಕರೆ ರೆಕಾರ್ಡ್ ಆಗುತ್ತಿದೆಯೇ, ಅದನ್ನು ಕೇಳುವುದು ಮನುಷ್ಯರೋ ಸಾಫ್ಟ್‌ವೇರೋ, ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ ಎಂದು ಕೇಳಲಿಕ್ಕೆ ಹಿಂಜರಿಯಬೇಕಿಲ್ಲ. ಗದ್ದಲವಿಲ್ಲದ, ಸಿಗ್ನಲ್ ಇರುವ ಜಾಗದಲ್ಲಿ ಕೂತು ಮಾತಾಡುವುದು ಒಳ್ಳೆಯದು. ಶೀತ ಕೆಮ್ಮು ಇದ್ದರೆ ಮೊದಲೇ ಹೇಳಬೇಕು. ದನಿಯನ್ನು ಬೇಕೆಂದೇ ನಿಧಾನ ಮಾಡುವ, ಗಟ್ಟಿ ಮಾಡುವ ಉಪಾಯ ಕಲಿಸುತ್ತೇವೆ ಎನ್ನುವವರ ಕೈಗೆ ದುಡ್ಡು ಕೊಡುವುದು ವ್ಯರ್ಥ, ಯಂತ್ರ ಏನನ್ನು ಎಣಿಸುತ್ತಿದೆ ಎಂದು ಅವರಿಗೂ ತಿಳಿದಿರುವುದಿಲ್ಲ.

ಇನ್ನು ಅಗ್ನಿವೀರ ಭರ್ತಿಯ ಹೆಸರು ಹೇಳಿ ಯಾರಾದರೂ ಫೋನ್ ಮಾಡಿ ‘ದನಿ ಪರೀಕ್ಷೆ ಇದೆ, ಇಷ್ಟು ಕಟ್ಟಿ’ ಎಂದರೆ ಕರೆ ಕತ್ತರಿಸಿ. ಅರ್ಜಿಯ ಜೊತೆ ಆನ್‌ಲೈನಿನಲ್ಲಿ ಕಟ್ಟುವ 250 ರೂಪಾಯಿ ಪರೀಕ್ಷಾ ಶುಲ್ಕ ಬಿಟ್ಟು ಸೇನೆ ಅಭ್ಯರ್ಥಿಯಿಂದ ಫೋನಿನಲ್ಲಿ ದುಡ್ಡು ಕೇಳುವುದಿಲ್ಲ. ಹೊಸ ಪರೀಕ್ಷೆ ಯಾವುದು ಬಂದರೂ ಅದರ ಸೂಚನೆ ಸೇನೆಯ ಭರ್ತಿ ಜಾಲತಾಣದಲ್ಲಿ, ಪ್ರವೇಶಪತ್ರದಲ್ಲಿ ಇರುತ್ತದೆ. ಮೊದಲು ಅಲ್ಲಿ ನೋಡಿ.